ಗಾಳದ ರೀಲು ಕೊಳ್ಳುವ ಮುನ್ನ



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬಂದರು. ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿಯವರು. ಕೈಯಲ್ಲಿ ಪಾಠದ ಪುಸ್ತಕ ಇತ್ತು. ಸೆರಗಿನ ಗಂಟಿನಲ್ಲಿ ಇನ್ನೇನೋ ಭಾರವಾಗಿ ತೂಗುತ್ತಿತ್ತು. ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟರು. ನೋಡಿದರೆ ಮೀನು ಹಿಡಿಯುವ ಗಾಳದ ರೀಲು! ತುಕ್ಕು ಹಿಡಿದಿತ್ತು. ಹಿಡಿಕೆ ತಿರುಗಿಸಿದರೆ ತಿರುಗಲೇ ಇಲ್ಲ.

"ನೋಡ್ರಮ್ಮ, ಆರು ನೂರು ರೂಪಾಯಿ ನೀರಿಗೆ ಹೋಯ್ತು. ಮೂರು ತಿಂಗಳೂ ಬರಲಿಲ್ಲ. ಈಗ ಇನ್ನೊಂದು ಬೇಕಂತಾನೆ. ಕೊಡಿಸಲಾ, ಬೇಡವಾ?"

ಅಕ್ಕನ ಮಗ ಮಲ್ಪೆ ಕಡೆ ಐಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಹೋಗಬೇಕು. ಕೆಲಸ ಮುಗಿದ ಮೇಲೆ ಸಂಜೆ ಕಡಲ ದಂಡೆಯಲ್ಲಿ ಗಾಳ ಹಾಕುತ್ತಾನಂತೆ. ಸಿಕ್ಕ ಮೀನು ಸಾರಿಗಾಯಿತು. ಹೆಚ್ಚು ಸಿಕ್ಕರೆ ಮಾರುತ್ತಾನೆ. ಆ ದುಡ್ಡೂ ಸೇರಿ ಊರಿಗೆ ಬರುತ್ತದೆ. ಹಾಗಾಗಿ ಇದು ಬರೀ ಆಟದ ಮಾತಲ್ಲ.

ಆದರೆ ಅಕ್ಕ ಕೊಡುವ ದುಡ್ಡು ಎಲ್ಲಿಂದ ಬರಬೇಕು? ಕೊಬ್ಬರಿಯಿಂದ. ತೆಂಗಿನಕಾಯಿ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರೆಲ್ಲ ಆರಬೇಕು. ಆಮೇಲೆ ಮೇಲಿನ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಕಳಿಸಬೇಕು. ವರ್ಷ ಕಾದ ದುಡ್ಡು ಮೂರು ತಿಂಗಳಲ್ಲಿ ತುಕ್ಕು ಹಿಡಿದರೆ ಯಾರಿಗೆ ತಾನೆ ಹೊಟ್ಟೆ ಉರಿಯದು?

ನಮಗೂ ರೀಲಿನ ವಿಚಾರ ಅಷ್ಟಾಗಿ ತಿಳಿದಿರಲಿಲ್ಲ. ತಿಳಿದವರನ್ನು ಕೇಳಿದೆವು. ಹೊಲಿಗೆ ಯಂತ್ರದ ತಿರುಪುಳಿ ತಂದು ಆ ರೀಲನ್ನೇ ಬಿಚ್ಚಿದೆವು. ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಒಳಗೆ ಏನಿತ್ತು?

ಪಕ್ಕದ ಮುಚ್ಚಳಕ್ಕೆ ಮೂರು ತಿರುಪು. ಎರಡು ಬಿಚ್ಚಿದವು. ಮೂರನೆಯದರ ತಲೆಯೇ ತುಕ್ಕು ತಿಂದು ಉದುರಿತು. ಮುಚ್ಚಳ ತೆಗೆದರೆ ಒಳಗೆ ಗ್ರೀಸು ಮರಳಿನ ಜೊತೆ ಬೆರೆತು ಬೂದು ಬಣ್ಣದ ಕೆಸರಾಗಿತ್ತು. ಹಲ್ಲಿನ ಚಕ್ರ ಮುರಿದಿರಲಿಲ್ಲ. ಅದು ಚೆನ್ನಾಗಿಯೇ ಇತ್ತು. ಬೇರಿಂಗು ಮಾತ್ರ ಕಂದು ಬಣ್ಣಕ್ಕೆ ತಿರುಗಿ ಕಚ್ಚಿಕೊಂಡಿತ್ತು. ಅಲ್ಲಲ್ಲಿ ಬಿಳಿ ಪುಡಿ. ಅದು ಉಪ್ಪು.

ಉಪ್ಪಿನ ಗುಣ ನಿಮಗೆ ಗೊತ್ತಿಲ್ಲವೇ? ಉಪ್ಪಿನಕಾಯಿ ಜಾಡಿಗೆ ನಾವು ಕಬ್ಬಿಣದ ಸೌಟು ಹಾಕುವುದಿಲ್ಲ. ಮರದ್ದೇ ಬೇಕು. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ತಾನಾಗಿ ನೀರೊಡೆಯುತ್ತದೆ. ಯಾಕೆ? ಉಪ್ಪು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ರೀಲಿನ ಮೇಲೆ ಬಿದ್ದ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅದು ರಾತ್ರಿಯೆಲ್ಲ ತೇವ ಎಳೆಯುತ್ತಲೇ ಇರುತ್ತದೆ. ಕಬ್ಬಿಣ ಒಳಗೇ ತುಕ್ಕಾಗುತ್ತದೆ.

ನಮ್ಮ ತೆಂಗಿನ ನಾರನ್ನು ನೋಡಿ. ಉಪ್ಪು ನೀರಿಗೆ ಅದು ಬೇಗ ಜಗ್ಗುವುದಿಲ್ಲ. ಅದಕ್ಕೇ ಹಿಂದಿನ ಕಾಲದಿಂದ ಹಡಗು, ದೋಣಿಗಳಿಗೆ ನಾರಿನ ಹಗ್ಗ ಕಟ್ಟುತ್ತಿದ್ದರು. ಕಬ್ಬಿಣಕ್ಕೆ ಆ ಭಾಗ್ಯ ಇಲ್ಲ.

ಮಗನನ್ನು ಫೋನಿನಲ್ಲಿ ಕೇಳಿದೆವು. "ಮೀನು ಹಿಡಿದು ಬಂದ ಮೇಲೆ ರೀಲು ತೊಳೀತಿದ್ದೆಯಾ ಅಪ್ಪಾ?" "ಇಲ್ಲ ಮೇಡಂ. ಮೂಲೆಗೆ ಇಟ್ಟು ಮಲಗ್ತಿದ್ದೆ" ಅಂದ. ಅಲ್ಲಿಗೆ ಲೆಕ್ಕ ಸರಿಹೋಯಿತು. ತಪ್ಪು ಅರ್ಧ ರೀಲಿನದು, ಅರ್ಧ ಮಗನದು.

ರೀಲು ಹೇಗೆ ಕೆಲಸ ಮಾಡುತ್ತದೆ?

ಬಾವಿಯ ರಾಟೆ ಗೊತ್ತು, ಹೊಲಿಗೆ ಯಂತ್ರದ ಬಾಬಿನ್ ಗೊತ್ತು. ಎರಡೂ ಗೊತ್ತಿದ್ದರೆ ರೀಲು ಅರ್ಥವಾಗುತ್ತದೆ.

ರೀಲಿನ ಮುಂದೆ ಒಂದು ಉರುಳೆ ಇರುತ್ತದೆ. ಅದರ ಮೇಲೆ ನೈಲಾನ್ ದಾರ ಸುತ್ತಿರುತ್ತದೆ. ಉರುಳೆಯ ಸುತ್ತ ಒಂದು ಕಮಾನು ತಂತಿ. ಕಮಾನು ಎತ್ತಿ ಗಾಳ ಬೀಸಿದರೆ ದಾರ ಸರಸರನೆ ಬಿಚ್ಚಿಕೊಂಡು ದೂರ ಹೋಗುತ್ತದೆ. ಕಮಾನು ಇಳಿಸಿ ಹಿಡಿಕೆ ತಿರುಗಿಸಿದರೆ ಕಮಾನು ಉರುಳೆಯ ಸುತ್ತ ಓಡಾಡಿ ದಾರವನ್ನು ಮತ್ತೆ ಸುತ್ತುತ್ತದೆ. ಸುತ್ತುವಾಗ ಉರುಳೆ ತಿರುಗುವುದಿಲ್ಲ. ಮೇಲೆ ಕೆಳಗೆ ಮಾತ್ರ ಆಡುತ್ತದೆ. ಆಗ ದಾರ ಒಂದೇ ಕಡೆ ಗುಪ್ಪೆ ಬೀಳುವುದಿಲ್ಲ.

ಕಮಾನಿನ ಒಂದು ತುದಿಯಲ್ಲಿ ಒಂದು ಪುಟ್ಟ ಗಾಲಿ ಇದೆ. ಕಡಲೆಕಾಳಿನಷ್ಟು. ದಾರ ಅದರ ಮೇಲೆ ಹಾದು ಬರುತ್ತದೆ. ಬಾವಿ ರಾಟೆ ತಿರುಗದಿದ್ದರೆ ಹಗ್ಗ ಏನಾಗುತ್ತದೆ? ಉಜ್ಜಿ ಉಜ್ಜಿ ನಾರು ನಾರಾಗುತ್ತದೆ. ಇಲ್ಲೂ ಅದೇ. ಈ ಅಕ್ಕ ತಂದ ರೀಲಿನಲ್ಲಿ ಆ ಗಾಲಿ ಕಚ್ಚಿಕೊಂಡಿತ್ತು. ದಾರ ಉಜ್ಜಿ ಗಾಲಿಯ ಮೇಲೆ ಗೆರೆಯೇ ಬಿದ್ದಿತ್ತು. "ದೊಡ್ಡ ಮೀನು ಬಂದಾಗಲೆಲ್ಲ ದಾರ ಕಿತ್ತು ಹೋಗ್ತಿತ್ತು" ಅಂತ ಮಗ ಹೇಳುತ್ತಿದ್ದನಂತೆ. ಮೀನಿನ ಜೋರಿಗೆ ಕಿತ್ತಿತು ಅಂದುಕೊಂಡಿದ್ದ. ಗಾಲಿಯ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ.

ಇನ್ನೊಂದು ಮುಖ್ಯ ಭಾಗ ಇದೆ. ಉರುಳೆಯ ತಲೆಯ ಮೇಲೆ ಒಂದು ತಿರುಪು. ಅದಕ್ಕೆ ಬ್ರೇಕು ಅನ್ನೋಣ. ಹೋರಿಯನ್ನು ಹಗ್ಗ ಹಿಡಿದು ನಡೆಸುವಾಗ ಅದು ಒಮ್ಮೆಲೇ ಎಳೆಯಿತು ಅನ್ನಿ. ನೀವು ಬಿಗಿಯಾಗಿ ಹಿಡಿದರೆ ಕೈ ಕೊಯ್ಯುತ್ತದೆ, ಇಲ್ಲವೇ ಹಗ್ಗ ಕೀಳುತ್ತದೆ. ಸ್ವಲ್ಪ ಸಡಿಲ ಬಿಟ್ಟು, ಮತ್ತೆ ಎಳೆದುಕೊಂಡರೆ ಹೋರಿ ತಾನೇ ದಣಿಯುತ್ತದೆ. ಬ್ರೇಕಿನ ಕೆಲಸ ಅದೇ. ಮೀನು ಜೋರಾಗಿ ಎಳೆದಾಗ ಉರುಳೆ ಜಾರಿ ಸ್ವಲ್ಪ ದಾರ ಬಿಡಬೇಕು.

ದಾರ ಆರು ಕಿಲೋ ತಡೆಯುತ್ತದೆ ಅನ್ನಿ. ಬ್ರೇಕು ಎರಡು ಕಿಲೋ ಎಳೆತಕ್ಕೇ ಜಾರಬೇಕು. ದಾರದ ತುದಿಗೆ ಎರಡು ಕಿಲೋ ಅಕ್ಕಿ ಚೀಲ ಕಟ್ಟಿ ಮೆಲ್ಲಗೆ ಎತ್ತಿ ನೋಡಿ. ಉರುಳೆ ನಯವಾಗಿ ಜಾರಿದರೆ ಸರಿ. ಒಮ್ಮೆ ಹಿಡಿದು ಒಮ್ಮೆ ಬಿಟ್ಟು ಜಗ್ಗಿದರೆ ಆ ರೀಲು ಬೇಡ. ಡಬ್ಬಿಯ ಮೇಲೆ ಎಂಟು ಕಿಲೋ, ಹತ್ತು ಕಿಲೋ ಬ್ರೇಕು ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅಗ್ಗದ ರೀಲಿನಲ್ಲಿ ಆ ಸಂಖ್ಯೆಯನ್ನು ನಾವು ನಂಬುವುದಿಲ್ಲ. ಎಷ್ಟು ಬಿಗಿ ಅನ್ನುವುದಕ್ಕಿಂತ ಎಷ್ಟು ನಯ ಅನ್ನುವುದು ಮುಖ್ಯ.

ಡಬ್ಬಿ ಓದೋಣ

ನಿಮಗೆ ಈಗ ಅಂಕಿ ಬರುತ್ತದೆ. ಅದೇ ಇಲ್ಲಿ ದೊಡ್ಡ ಆಯುಧ. ಅಕ್ಕನ ಮಗ ಅಂಗಡಿಯಲ್ಲಿ ನಿಂತು ಡಬ್ಬಿಯ ಫೋಟೋ ತೆಗೆದು ಅವ್ವನ ಫೋನಿಗೆ ಕಳಿಸಿದ. ಅಕ್ಕ ಇಲ್ಲಿ ಕೂತು ಬೆರಳಿಟ್ಟು ಓದಿದರು.

ಮೊದಲು ಕಂಡದ್ದು 4000. "ಅಯ್ಯೋ, ನಾಲ್ಕು ಸಾವಿರ ರೂಪಾಯಾ?" ಅಂದರು. ಅಲ್ಲ. ಅದು ರೀಲಿನ ಅಳತೆ. ಚಪ್ಪಲಿಗೆ ಆರು, ಏಳು ಅಂತ ನಂಬರು ಇಲ್ಲವೇ, ಹಾಗೆ. ಕೆರೆಯಲ್ಲಿ ಜಿಲೇಬಿ ಮೀನು ಹಿಡಿಯಲು 2000 ಅಥವಾ 2500 ಸಾಕು. ಕಡಲ ದಂಡೆಯಲ್ಲಿ ನಿಂತು ಹಾಕಲು 4000 ಒಳ್ಳೆಯದು. ದೊಡ್ಡ ದೊಡ್ಡ ಮೀನಿಗೆ 6000 ಬೇಕಾಗಬಹುದು. ಅದು ಭಾರ. ಕೈ ನೋಯುತ್ತದೆ. ಸಂಜೆ ಎರಡು ಗಂಟೆ ಹಿಡಿಯುವ ಹುಡುಗನಿಗೆ ಅದು ಬೇಡ.

ಆಮೇಲೆ 5.2:1 ಅಂತ ಇತ್ತು. ಹಿಡಿಕೆ ಒಂದು ಸುತ್ತು ತಿರುಗಿದರೆ ಕಮಾನು ಐದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ ಎಂದು ಅರ್ಥ. ಐದರ ಆಸುಪಾಸು ಇದ್ದರೆ ಸಾಕು.

0.30/240 ಎಂದು ಇನ್ನೊಂದು ಕಡೆ. 0.30 ಮಿಲಿಮೀಟರ್ ದಪ್ಪದ ದಾರ 240 ಮೀಟರ್ ಹಿಡಿಯುತ್ತದೆ ಎಂದು ಇದರ ಅರ್ಥ. ದಾರ ದಪ್ಪವಾದಷ್ಟೂ ಕಡಿಮೆ ಉದ್ದ ಹಿಡಿಯುತ್ತದೆ. ಬಾಬಿನ್‌ಗೆ ದಪ್ಪ ನೂಲು ಸುತ್ತಿದರೆ ಬೇಗ ತುಂಬುತ್ತದಲ್ಲ, ಹಾಗೆ.

ಇನ್ನು ಬೇರಿಂಗಿನ ಲೆಕ್ಕ. 5, 8, 12, 13 ಅಂತ ಬರೆದಿರುತ್ತಾರೆ. ಹೆಚ್ಚಿದ್ದಷ್ಟೂ ಒಳ್ಳೆಯದು ಅಂತ ಅಂಗಡಿಯವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಏಳುನೂರು ರೂಪಾಯಿ ರೀಲಿನಲ್ಲಿ ಹನ್ನೆರಡು ಬೇರಿಂಗು ಹಾಕಬೇಕಾದರೆ ಅವು ಎಂಥ ಬೇರಿಂಗು ಇರಬೇಕು, ನೀವೇ ಯೋಚಿಸಿ. ಉಪ್ಪು ನೀರಿಗೆ ತುಕ್ಕು ಹಿಡಿಯುವ ಜಾಗ ಹನ್ನೆರಡಾಯಿತು, ಅಷ್ಟೆ. ಒಳ್ಳೆಯ ನಾಲ್ಕೈದು ಇದ್ದರೆ ಅದೇ ಮೇಲು.

ಕೊನೆಗೆ ಬೆಲೆ. ಡಬ್ಬಿಯ ಮೇಲೆ ಎಂಆರ್‌ಪಿ ಇರಲೇಬೇಕು. ತೆರಿಗೆ ಎಲ್ಲ ಅದರಲ್ಲೇ ಸೇರಿರುತ್ತದೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕಡಿಮೆಗೆ ಚೌಕಾಸಿ ಮಾಡಬಹುದು. ತಯಾರಿಸಿದವರ ಅಥವಾ ತರಿಸಿದವರ ಹೆಸರು, ವಿಳಾಸವೂ ಇರಬೇಕು. ಇಲ್ಲದಿದ್ದರೆ ಆ ಡಬ್ಬಿ ಕೆಳಗಿಡಿ. ಇನ್ನೊಂದು ಮಾತು. 3,999 ಅಂತ ಬರೆದು, ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ 699 ಅಂತ ಬರೆದಿರುತ್ತಾರೆ. ಮೂರು ಸಾವಿರ ಉಳಿಯಿತು ಅಂತ ಹಿಗ್ಗಬೇಡಿ. ಅದು ಏಳು ನೂರು ರೂಪಾಯಿ ಮಾಲು ಅಂತಲೇ ತಿಳಿದು ನೋಡಿ.

ಬಿಲ್ಲು ಕೇಳಿ ತೆಗೆದುಕೊಳ್ಳಿ. ಮೋಸ ಆದರೆ ಬಿಲ್ಲಿಲ್ಲದೆ ಬಾಯಿ ಇಲ್ಲ. ಗ್ರಾಹಕರ ದೂರಿಗೆ 1915 ಎಂಬ ನಂಬರಿಗೆ ಫೋನ್ ಮಾಡಬಹುದು.

ಕೈಯಲ್ಲಿ ಹಿಡಿದು ನೋಡುವುದು

ಕೊಬ್ಬರಿ ಆಗಿದೆಯೋ ಇಲ್ಲವೋ ಹೇಗೆ ನೋಡುತ್ತೀರಿ? ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೀರಿ. ಒಳಗೆ ಉಂಡೆ ಲೊಡಲೊಡ ಅಂದರೆ ಆಯಿತು ಅಂತ. ರೀಲನ್ನೂ ಹಾಗೇ ಅಲ್ಲಾಡಿಸಿ. ಆದರೆ ಇಲ್ಲಿ ಉಲ್ಟಾ. ಕೊಬ್ಬರಿ ಲೊಡಲೊಡ ಅನ್ನಬೇಕು, ರೀಲು ಅನ್ನಬಾರದು.

ಹಿಡಿಕೆ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ. ಹಳೇ ಬಾಗಿಲಿನ ಹಾಗೆ ಅಲುಗಾಡಿದರೆ ಬೇಡ. ನಿಧಾನವಾಗಿ ತಿರುಗಿಸಿ. ಕರಕರ ಅನ್ನಬಾರದು. ಕಮಾನನ್ನು ಇಪ್ಪತ್ತು ಸಲ ಎತ್ತಿ ಇಳಿಸಿ. ಅಂಗಡಿಯವರು ಮುಖ ಸಿಂಡರಿಸಬಹುದು, ಪರವಾಗಿಲ್ಲ. ದುಡ್ಡು ನಿಮ್ಮದು. ಪ್ರತಿ ಸಲವೂ ಕಮಾನು ಟಕ್ ಅಂತ ಕೂರಬೇಕು. ಪುಟ್ಟ ಗಾಲಿಯನ್ನು ಬೆರಳ ತುದಿಯಿಂದ ಉರುಳಿಸಿ. ತಿರುಗಲೇಬೇಕು.

ಮೈ ಯಾವುದರದ್ದು? ಅಗ್ಗದ ರೀಲಿಗೆ ಗಟ್ಟಿ ಪ್ಲಾಸ್ಟಿಕ್ಕಿನಂಥ ಮೈ ಇದ್ದರೆ ಹೆದರಬೇಡಿ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಲೋಹದ ಮೈ ಗಟ್ಟಿ ಕಾಣುತ್ತದೆ. ಆದರೆ ಅದು ಸಾಮಾನ್ಯವಾಗಿ ಅಲ್ಯೂಮಿನಿಯಂ. ಬಣ್ಣ ಕಿತ್ತ ಜಾಗದಲ್ಲಿ ಉಪ್ಪು ಕೂತರೆ ಬಿಳಿ ಪುಡಿ ಬರುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆ ಹುಳಿ ಇಟ್ಟರೆ ಪಾತ್ರೆ ಸವೆಯುವುದಿಲ್ಲವೇ?

ತಿರುಪು ಮತ್ತು ಕಮಾನು ತಂತಿ ಸ್ಟೀಲಿನದಾಗಿರಲಿ. ಒಂದು ಅಯಸ್ಕಾಂತದ ಚೂರು ಇದ್ದರೆ ಹಿಡಿದು ನೋಡಬಹುದು. ಜೋರಾಗಿ ಅಂಟಿದರೆ ಅನುಮಾನ ಪಡಬೇಕು. ಸ್ಟೀಲಿನಲ್ಲೂ ಅಂಟುವ ಜಾತಿ ಇದೆ, ಹಾಗಾಗಿ ಇದೊಂದನ್ನೇ ನೆಚ್ಚಿಕೊಳ್ಳಬೇಡಿ. "ನೀರು ಒಳಗೆ ಹೋಗಲ್ಲ ಕಣ್ರೀ" ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ. ಈ ಬೆಲೆಗೆ ನೀರು ತಡೆಯುವ ರೀಲು ಬರುವುದಿಲ್ಲ.

ಕೆಲವು ರೀಲಿಗೆ ದಾರ ಸುತ್ತಿಯೇ ಕೊಡುತ್ತಾರೆ. ಪುಕ್ಕಟೆ ಅಂತ ಸಂತೋಷ. ಆದರೆ ಆ ದಾರ ಬಹಳ ಸಲ ಒಣಗಿ ಪೆಡಸಾಗಿರುತ್ತದೆ. ಅದನ್ನು ಬಿಚ್ಚಿ ಬೇರೆ ದಾರ ಹಾಕುವುದೇ ಒಳ್ಳೆಯದು.

ಅಕ್ಕನ ಲೆಕ್ಕ

ಸ್ಲೇಟಿನ ಮೇಲೆ ಅಕ್ಕ ತಾವೇ ಲೆಕ್ಕ ಬರೆದರು.

600 ರೂಪಾಯಿ ರೀಲು ಮೂರು ತಿಂಗಳು. ವರ್ಷಕ್ಕೆ ನಾಲ್ಕು ಬೇಕು. 600 × 4 = 2,400.

1,400 ರೂಪಾಯಿ ರೀಲು, ತೊಳೆದು ಒರೆಸಿ ಇಟ್ಟರೆ ಎರಡು ವರ್ಷ ಬಂತು ಅನ್ನೋಣ. ವರ್ಷಕ್ಕೆ 700.

"ಅಂದ್ರೆ ಅಗ್ಗದ್ದೇ ತುಟ್ಟಿ ಆಯ್ತಲ್ಲ!" ಅಂದರು. ಆಯಿತು. ಆದರೆ ಎರಡನೆಯ ಲೆಕ್ಕದಲ್ಲಿ "ತೊಳೆದು ಒರೆಸಿ" ಎಂಬ ಮಾತಿದೆ. ಅದು ಇಲ್ಲದಿದ್ದರೆ 1,400ರ ರೀಲೂ ಬೇಗನೆ ಗಂಟಿನಲ್ಲಿ ಮನೆಗೆ ಬರುತ್ತದೆ. ತೊಳೆದಿದ್ದರೆ ಆ 600ರದ್ದೂ ಇನ್ನಷ್ಟು ದಿನ ಬರುತ್ತಿತ್ತು.

ಐದು ನೂರಕ್ಕಿಂತ ಹೆಚ್ಚು ಕೊಡಲು ಆಗದಿದ್ದರೆ? ಆಗ ರೀಲೇ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಕರಾವಳಿಯಲ್ಲಿ ಎಷ್ಟೋ ಜನ ಬರೀ ಕೈಯಲ್ಲೇ ಗಾಳ ಹಾಕುತ್ತಾರೆ. ಮರದ ತುಂಡಿಗೋ ಬಾಟಲಿಗೋ ದಾರ ಸುತ್ತಿಕೊಂಡಿರುತ್ತಾರೆ. ತುದಿಗೆ ಸೀಸದ ಗುಂಡು, ಗಾಳ. ಅದರಲ್ಲಿ ತುಕ್ಕು ಹಿಡಿಯುವುದು ಗಾಳ ಒಂದೇ. ಅದೇ ದುಡ್ಡಿಗೆ ಒಳ್ಳೆಯ ದಾರ, ಒಳ್ಳೆಯ ಗಾಳ ಬರುತ್ತದೆ. ಅಷ್ಟು ದೂರ ಹೋಗುವುದಿಲ್ಲ, ನಿಜ. ಆದರೆ ಕಾಣೆ ಮೀನು ದಂಡೆಯ ಹತ್ತಿರವೂ ಸಿಗುತ್ತದೆ. ದಾರ ಎಳೆಯುವಾಗ ಬೆರಳು ಕೊಯ್ಯದಂತೆ ಬಟ್ಟೆ ಸುತ್ತಿಕೊಳ್ಳಬೇಕು.

ತೊಳೆಯುವುದು ಹೇಗೆ?

ಇದು ಹತ್ತು ನಿಮಿಷದ ಕೆಲಸ. ಮೊದಲು ಬ್ರೇಕಿನ ತಿರುಪನ್ನು ಬಿಗಿ ಮಾಡಬೇಕು. ಆಗ ನೀರು ಒಳಗೆ ಇಳಿಯುವುದು ಕಡಿಮೆ. ಆಮೇಲೆ ಸಿಹಿ ನೀರನ್ನು ಕೈಯಲ್ಲಿ ಮೆಲ್ಲಗೆ ಚಿಮುಕಿಸಿ ತೊಳೆಯಬೇಕು. ಬಕೆಟ್ಟಿನಲ್ಲಿ ಮುಳುಗಿಸಬಾರದು. ನಲ್ಲಿ ಜೋರಾಗಿ ಬಿಡಬಾರದು. ಜೋರು ನೀರು ಉಪ್ಪನ್ನು ಇನ್ನೂ ಒಳಗೆ ತಳ್ಳುತ್ತದೆ. ಹಳೇ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಆರಲು ಇಡಬೇಕು. ಆರಿದ ಮೇಲೆ ಬ್ರೇಕನ್ನು ಸಡಿಲ ಮಾಡಬೇಕು. ಬಿಗಿಯಾಗೇ ಇಟ್ಟರೆ ಒಳಗಿನ ಬಿಲ್ಲೆಗಳು ಅಂಟಿಕೊಂಡು ಚಪ್ಪಟೆಯಾಗುತ್ತವೆ.

ವಾರಕ್ಕೊಮ್ಮೆ ಪುಟ್ಟ ಗಾಲಿಗೆ, ಕಮಾನಿನ ಕೀಲಿಗೆ, ಹಿಡಿಕೆಗೆ ಒಂದೊಂದು ತೊಟ್ಟು ಎಣ್ಣೆ. ಯಾವ ಎಣ್ಣೆ? ಹೊಲಿಗೆ ಯಂತ್ರದ್ದು. ಇದನ್ನು ಒತ್ತಿ ಹೇಳುತ್ತೇವೆ. ಯಾಕೆಂದರೆ ನಮ್ಮ ಸೀಮೆಯಲ್ಲಿ ಎಲ್ಲಕ್ಕೂ ಕೊಬ್ಬರಿ ಎಣ್ಣೆ. ತಲೆಗೂ ಅದೇ, ಬಾಗಿಲ ಕೀಲಿಗೂ ಅದೇ. ಅಕ್ಕನೂ ಮಗನಿಗೆ ಒಂದು ಸೀಸೆ ಕೊಟ್ಟು ಕಳಿಸಲು ಹೊರಟಿದ್ದರು! ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಸೀಸೆಯಿಂದ ಇಳಿಯುವುದೇ ಇಲ್ಲವಲ್ಲ. ದಿನ ಕಳೆದರೆ ಜಿಗುಟಾಗಿ ದೂಳು ಹಿಡಿಯುತ್ತದೆ. ಯಂತ್ರಕ್ಕೆ ಅದು ಆಗದು.

ರೀಲನ್ನು ಮರಳಿನ ಮೇಲೆ ಇಡಬಾರದು. ಕೋಲನ್ನು ಒರಗಿಸಲು ಜಾಗ ಇಲ್ಲದಿದ್ದರೆ ಒಂದು ಚೀಲ ಹಾಸಿ ಅದರ ಮೇಲೆ ಇಡಲಿ.

ಅಲೆಯ ಮಾತು

ರೀಲಿನ ಬೆಲೆ ಮಾತಾಡುತ್ತಾ ಒಂದು ವಿಷಯ ಮರೆಯಬಾರದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಆಗ ಮೀನು ಮರಿ ಮಾಡುವ ಕಾಲ. ಕಡಲೂ ರೊಚ್ಚಿಗೆದ್ದಿರುತ್ತದೆ. ದೋಣಿಯವರೇ ದಂಡೆಯಲ್ಲಿ ಕೂತಿರುವಾಗ ಬಯಲುಸೀಮೆಯ ಹುಡುಗ ಬಂಡೆ ಏರಿ ನಿಲ್ಲಬಾರದು. ತಡೆಗೋಡೆಯ ಬಂಡೆಗಳ ಮೇಲೆ ಪಾಚಿ ಇರುತ್ತದೆ. ಒಂದು ಅಲೆ ಸಾಕು. ಈಜು ಬಂದರೂ ಬಂಡೆಗೆ ತಲೆ ಬಡಿದರೆ ಏನು ಮಾಡಲಾದೀತು? ಗಾಳ ಬಂಡೆಗೆ ಸಿಕ್ಕಿಕೊಂಡರೆ ಬಿಡಿಸಲು ಇಳಿಯಬಾರದು. ದಾರ ಕತ್ತರಿಸಿ ಬಿಡಬೇಕು. ಗಾಳ ಹತ್ತಿಪ್ಪತ್ತು ರೂಪಾಯಿ.

ನಮ್ಮ ಕೆರೆಗಳಲ್ಲೂ ಅಷ್ಟೆ. ಮಣ್ಣು ತೆಗೆದ ಗುಂಡಿಗಳು ನೀರು ತುಂಬಿದಾಗ ಕಾಣುವುದಿಲ್ಲ. ಮಕ್ಕಳನ್ನು ಗಾಳ ಕೊಟ್ಟು ಒಂಟಿಯಾಗಿ ಕಳಿಸಬೇಡಿ. ಕೆರೆಯ ಮೀನು ಹರಾಜಾಗಿದ್ದರೆ ಹಿಡಿದವರನ್ನು ಕೇಳಿ ಗಾಳ ಹಾಕಬೇಕು. ಉಪ್ಪು ಇಲ್ಲದ ಕಾರಣ ಕೆರೆಗೆ ಅಗ್ಗದ ರೀಲೇ ಸಾಕು.

ಅಕ್ಕ ಕೊನೆಗೆ ಏನು ಮಾಡಿದರು? ದುಡ್ಡು ಕೊಟ್ಟರು. ಆದರೆ ಪೂರ್ತಿ ಕೊಡಲಿಲ್ಲ. "ಅರ್ಧ ನಂದು, ಅರ್ಧ ನಿಂದು" ಅಂದರು. ಮಗ 1,350ಕ್ಕೆ ಒಂದು 4000 ರೀಲು ಕೊಂಡ. ಬಿಲ್ಲಿನ ಫೋಟೋ ಕಳಿಸಿದ. ಅಕ್ಕ ಬಿಲ್ಲಿನ ತಾರೀಕನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾರೆ.

ಹಳೇ ರೀಲನ್ನು ಸೀಮೆ ಎಣ್ಣೆಯಲ್ಲಿ ಎರಡು ದಿನ ನೆನೆಸಿಟ್ಟೆವು. ಬೇರಿಂಗು ಬದಲಾಯಿಸಿ ಗ್ರೀಸು ಹಾಕಿದ ಮೇಲೆ ತಿರುಗಿತು. ಕರಕರ ಅನ್ನುತ್ತದೆ, ಆದರೂ ಕೆರೆಗೆ ನಡೆಯುತ್ತದೆ. ಈಗ ಅದು ಅಕ್ಕನ ತಮ್ಮನ ಹತ್ತಿರ ಇದೆ.

ಭಾನುವಾರ ಮಗನ ಫೋನು ಬಂದಾಗ ಅಕ್ಕ ಮೊದಲು ಕೇಳುವುದು "ಉಂಡೆಯಾ?" ಅಂತ. ಎರಡನೆಯದು, "ರೀಲು ತೊಳೆದೆಯಾ?"